ಇಪ್ಪತ್ತೈದು ವರ್ಷದ ಖೋಲಿ

ಒಣದ್ರಾಕ್ಷಿಯೊಂದನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಚಾಚಾರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಣ್ಣು ತೆರೆದಾಗ ತೀರ್ಪು ಹೊರಬರುತ್ತಿತ್ತು: ಯಾವ ತೋಟದ್ದು, ಎಷ್ಟು ದಿನ ಒಣಗಿದ್ದು, ಯಾರು ಅವಸರ ಮಾಡಿದ್ದು. ತಿಕೋಟಾದಲ್ಲಿ ನಮ್ಮ ಗೋಡೆಗೆ ಹೊಂದಿ ಅವರ ಮನೆ. ಊರ ಹೊರಗೆ ಅವರ ದ್ರಾಕ್ಷಿ ಒಣಗಿಸುವ ಶೆಡ್ಡು. ಅಂಗಿಯ ತೋಳಿಗೆ ಸದಾ ಗಂಧಕದ ವಾಸನೆ. ನಾನು ಅಲ್ಲಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದವಳು. ಮೊದಲ ದಿನವೇ ನನ್ನ ಮಕ್ಕಳ ಜೇಬು ತುಂಬಿಸಿ, "ಅವಸರದಾಗ ಒಣಗಿಸಿದ್ದು ನಾಲಿಗಿಗೆ ಹತ್ತೂದಿಲ್ಲ ಅಕ್ಕೋರ. ಪಾಠಾನೂ ಹಂಗ," ಎಂದು ನನಗೇ ಪಾಠ ಹೇಳಿದ್ದರು.

ನಾವು ಬರುವುದಕ್ಕೆ ಸ್ವಲ್ಪ ಮೊದಲು ಅವರು ವಿಜಯಪುರದ ಸ್ಟೇಷನ್ ರಸ್ತೆಯ ಹೋಟೆಲೊಂದರಲ್ಲಿ ಪುಕ್ಕಟೆ ಊಟ ಉಂಡು, ಟೈ ಕಟ್ಟಿದ ಹುಡುಗನ ಮಾತು ಕೇಳಿ, ಒಂದು ಕರಾರಿಗೆ ಸಹಿ ಹಾಕಿ ಬಂದಿದ್ದರು. ಮಹಾಬಳೇಶ್ವರದ ರೆಸಾರ್ಟಿನಲ್ಲಿ ಒಂದು ಖೋಲಿ, ವರ್ಷಕ್ಕೊಂದು ವಾರ, ಇಪ್ಪತ್ತೈದು ವರ್ಷ. ಅವರ ಪಾಲಿಗೆ ಬಂದ ವಾರ ಏಪ್ರಿಲ್ ತಿಂಗಳದ್ದು. ಆಗ ಶೆಡ್ಡಿನ ತುಂಬ ದ್ರಾಕ್ಷಿ. ಅಡ್ಡಮಳೆ ಬಂದರೆ ವರ್ಷದ ದುಡಿಮೆ ಕೊಳೆತು ಹೋಗುತ್ತದೆ. ಚಾಚಾ ಕಾಲು ಕೀಳುವ ಹಾಗಿರಲಿಲ್ಲ.

"ನಿಮಗ ಸಾಲಿ ಸೂಟಿ ಅದ. ಖೋಲಿ ಯಾಕ ಖಾಲಿ ಬೀಳಬೇಕು? ಹೋಗಿ ಬರ್ರಿ," ಎಂದು ನಮ್ಮನ್ನು ಕಳಿಸಿದರು. ಅಲ್ಲಿಯ ಚಳಿಗೆಂದು ಚಾಚಿ ತಮಗಿಬ್ಬರಿಗೂ ಸ್ವೆಟರ್ ಕೊಂಡಿಟ್ಟಿದ್ದರು. ಪೆಟ್ಟಿಗೆಯಲ್ಲಿದ್ದರೆ ನುಸಿ ತಿನ್ನುತ್ತವೆಂದು ಅವನ್ನೂ ನಮಗೇ ಕೊಟ್ಟರು. ನಾನೂ ನನ್ನ ಗಂಡನೂ ಅವನ್ನೇ ಹಾಕಿಕೊಂಡು ಹೋದೆವು.

ಹೋಗುವ ಮೊದಲು ಅತಿಥಿಗಳ ಹೆಸರು ತುಂಬಬೇಕೆಂದು ಕರಾರಿನ ಕಡತ ನನ್ನ ಕೈಗೆ ಬಂದಿತ್ತು. ಚಾಚಾರಿಗೆ ಇಂಗ್ಲಿಷ್ ಬಾರದು. ನಾನು ಬರೆಯುತ್ತಿದ್ದಾಗ ಅವರು ಎದುರು ಕೂತು ತಮ್ಮ ಲೆಕ್ಕಾಚಾರ ಹೇಳಿದರು. ಅವರ ಅಪ್ಪ ಜೈನಾಪುರದಲ್ಲಿ ಬೇರೆಯವರ ಹೊಲ ಉಳುತ್ತಿದ್ದವರು. ಉಳುವವನೇ ಒಡೆಯ ಎಂಬ ಕಾಯ್ದೆ ಬಂದು ಆ ಹೊಲ ಅವರ ಹೆಸರಿಗಾಯಿತು.

"ಇದೂ ಹಂಗ ನೋಡ್ರಿ. ಇಪ್ಪತ್ತೈದು ವರ್ಷ ರೊಕ್ಕಾ ಕಟ್ಟಿ ನಡಸಿಕೊಂಡು ಹೋದ್ರ ಖೋಲಿ ನಮ್ಮದಾಗತದ. ಆಮ್ಯಾಲ ಯಾರ ತಾರೀಕು ಯಾಕ ನೋಡೂದು? ನಾನೂ ನಿಮ್ಮ ಚಾಚಿನೂ ಮಳಿಗಾಲದಾಗ ಹೋಗಿ ತಿಂಗಳಗಟ್ಟಲೆ ಇರ್ತೀವಿ."

ಅದೇ ಹೊತ್ತಿಗೆ ನನ್ನ ಕಣ್ಣು ಹನ್ನೊಂದನೆಯ ಪುಟದ ಮೇಲಿತ್ತು. ಅವಧಿ ಮುಗಿದ ದಿನ ಹಕ್ಕು ತಾನಾಗಿ ಕೊನೆಯಾಗುತ್ತದೆ, ಖೋಲಿಯ ಮೇಲೆ ಸದಸ್ಯರಿಗೆ ಯಾವ ಒಡೆತನವೂ ಇಲ್ಲ ಎಂದು ಬರೆದಿತ್ತು. ಎರಡು ಸಲ ಓದಿದೆ. ಹೋಗಿ ಬಂದಮೇಲೆ ಹೇಳಿದರಾಯಿತು ಎಂದುಕೊಂಡೆ. ಮಕ್ಕಳು ಆಗಲೇ ಚೀಲ ತುಂಬುತ್ತಿದ್ದವು.

ಬಂದಮೇಲೆ ಹೇಳಲಿಲ್ಲ. ಮರುವರ್ಷವೂ ಹೇಳಲಿಲ್ಲ. ಹೇಳಿದ್ದರೆ ಅವರು ಒಂದು ವರ್ಷವಾದರೂ ಶೆಡ್ಡನ್ನು ತಮ್ಮನಿಗೆ ಒಪ್ಪಿಸಿ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದರು. ಆ ವರ್ಷ ನಾವು ಮನೆಯಲ್ಲಿರಬೇಕಾಗುತ್ತಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಬರೆಯಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಒಂದೆರಡು ವರ್ಷ ಬಿಟ್ಟರೆ ಪ್ರತಿ ಏಪ್ರಿಲ್ ಅಲ್ಲಿಗೆ ಹೋದೆವು, ಕಡೆಕಡೆಗೆ ಅಳಿಯನನ್ನೂ ಕಟ್ಟಿಕೊಂಡು.

ಹೋದ ವರ್ಷ ಕರಾರು ಮುಗಿಯಿತು. ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಡತದೊಂದಿಗೆ ನಮ್ಮ ಮನೆಗೆ ಬಂದರು.

"ಫೋನ್ ಹಚ್ರಿ ಅಕ್ಕೋರ. ಕಾಗದಾ ನಮ್ಮ ಹೆಸರಿಗಿ ಯಾವಾಗ ಮಾಡ್ತಾರ ಕೇಳ್ರಿ."

ಹಚ್ಚಿದೆ. ಆ ಕಡೆಯ ಹುಡುಗಿ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಸದಸ್ಯತ್ವ ಮುಗಿದಿದೆ, ಇನ್ನು ಬುಕಿಂಗ್ ಆಗುವುದಿಲ್ಲ, ಬೇಕಿದ್ದರೆ ಹೊಸದಾಗಿ ಸೇರಬಹುದು ಎಂದಳು. ಹಿಂದಿ ಚಾಚಾರಿಗೂ ತಿಳಿಯುತ್ತಿತ್ತು. ಅವರು ಕಡತದ ದಾರ ಕಟ್ಟುತ್ತ ಕೇಳಿದರು, "ಇದು ಕಾಗದದಾಗ ಬರದಿತ್ತೇನ್ರಿ?"

"ಸಣ್ಣ ಅಕ್ಷರದಾಗ ಇರ್ತಾವ ಚಾಚಾ. ಯಾರ ಕಣ್ಣಿಗೂ ಬೀಳೂದಿಲ್ಲ," ಎಂದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಚುಕ್ಕೆ ತಪ್ಪಿದರೂ ಅಂಕ ಕಳೆಯುವ ಹೆಂಗಸು ನಾನು.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ಇರ್ಲಿ ಬಿಡ್ರಿ. ನಿಮ್ಮ ಮಕ್ಕಳರೆ ಹೋಗಿ ಬಂದುವಲ್ಲ," ಎಂದು ಚಹಾ ಕುಡಿದು ಎದ್ದರು. ಅವರು ಮೆಟ್ಟಿಲು ಇಳಿದಾಗ ನನಗೆ ಹಾಯೆನಿಸಿತು. ಸುಳ್ಳಿಗಿಂತ ಆ ಸಮಾಧಾನ ನೆನೆದರೇ ಈಗ ಮೈ ಹಿಡಿಯಾಗುತ್ತದೆ.

ಆಮೇಲೂ ಅವರು ಮೊದಲಿನ ಹಾಗೆಯೇ ಇದ್ದರು. ಬಬಲೇಶ್ವರದ ಸಂತೆಗೆ ಹೋದರೆ ನಮಗೂ ಬದನೆಕಾಯಿ ತರುತ್ತಿದ್ದರು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ವಿಜಯಪುರದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋದರು.

ನಲವತ್ತು ದಿನ ಕಳೆದ ಮೇಲೆ ಚಾಚಿಯ ಮುಂದೆ ಕೂತು ಎಲ್ಲ ಹೇಳಿದೆ, ಹನ್ನೊಂದನೆಯ ಪುಟವನ್ನೂ ಬಿಡದೆ. ಅವರು ಗೋಧಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅವರಿಗಿ ಫೋನ್ ಹಚ್ಚಿದ ದಿನಾನ ಗೊತ್ತಾತ್ರಿ," ಎಂದರು. "ಮನಿಗಿ ಬಂದು ಹೇಳಿದ್ರು, ಅಕ್ಕೋರ ಓದಿದ್ರು ಅಂತ. ಈ ಮಾತು ಅವರ ಮುಂದ ತಗೀಬ್ಯಾಡ, ನಾಚಿಕೊಂಡು ನಮ್ಮ ಮನಿಗಿ ಬರೂದು ಬಿಟ್ಟಾರು ಅಂದ್ರು."

ಚಾಚಿ ಮೊರವನ್ನು ಪಕ್ಕಕ್ಕಿಟ್ಟರು.

"ಅವರು ಮಾಫ್ ಮಾಡಿ ಹೋಗ್ಯಾರ. ನಾ ಇನ್ನೂ ಮಾಡಿಲ್ರಿ. ನನಗ ಅಲ್ಲಿ ಹೋಗೂದಿತ್ತು." ಆಮೇಲೆ ಮೊರವನ್ನು ಮತ್ತೆ ಎಳೆದುಕೊಂಡು, "ಆದ್ರೂ ನಮ್ಮ ಮನಿಗಿ ಬರ್ಕೋತ ಇರ್ರಿ," ಎಂದರು.

ಪ್ರತಿ ಭಾನುವಾರ ಹೋಗುತ್ತೇನೆ. ಅವರ ಜೊತೆ ಗೋಧಿ ಆರಿಸುತ್ತೇನೆ, ಊರ ಸುದ್ದಿ ಮಾತಾಡುತ್ತೇವೆ. ಮಾಫ್ ಮಾಡಿದೆ ಎಂದು ಅವರು ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.