ದೊಡ್ಡಮ್ಮನ ಹದಿಮೂರು

ನಮ್ಮ ಗೋದಾಮಿನಲ್ಲಿ ಮೆಕ್ಕೆಜೋಳದ ತೇವ ಅಳೆಯಲು ಯಂತ್ರವಿತ್ತು, ಯಂತ್ರ ನೋಡಿಕೊಳ್ಳಲು ನಾನಿದ್ದೆ. ಆದರೆ ನನ್ನ ಮಾತು ಯಾರಿಗೆ ಬೇಕು? ದೊಡ್ಡಮ್ಮ ಕಾಳು ಕಚ್ಚಿ ಹೇಳಿದ್ದೇ ವೇದವಾಕ್ಯ.

ಅವಳು ನನಗೆ ಸಂಬಂಧಿಯಲ್ಲ, ಇಡೀ ಗೋದಾಮಿಗೇ ದೊಡ್ಡಮ್ಮ. ಒಣಹಾಕುವ ಕಣದಲ್ಲಿ ಮೂವತ್ತು ವರ್ಷದಿಂದ ಅದೇ ಕೆಲಸ. ಕಾಳು ಕಟಕ್ಕನೆ ಒಡೆದರೆ ಒಣಗಿದೆ, ಹಲ್ಲಿಗೆ ಮೆತ್ತಿಕೊಂಡರೆ ಇನ್ನೂ ಬಿಸಿಲು ಬೇಕು. ನೂರಕ್ಕೆ ಹದಿನಾಲ್ಕು ಪಾಲಿಗಿಂತ ಹೆಚ್ಚು ತೇವವಿದ್ದರೆ ಕಣಜದಲ್ಲಿ ಮುಗ್ಗು ಹಿಡಿಯುತ್ತದೆ. ನಾನು ಬಟ್ಟಲಿಗೆ ಕಾಳು ಸುರಿದು ಗುಂಡಿ ಒತ್ತುವಷ್ಟರಲ್ಲಿ ಅವಳು ಲೆಕ್ಕ ಹೇಳಿಯಾಗಿರುತ್ತಿತ್ತು. ಹಾಳು ಯಂತ್ರವೂ ಅದನ್ನೇ ತೋರಿಸುತ್ತಿತ್ತು! ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ಸಲ ಅವಳು ಎರಡು ತಿಂಗಳು ರಜೆ ಹಾಕಿ, ಹಲ್ಲೆಲ್ಲ ಕೀಳಿಸಿ, ಹೊಸ ಸೆಟ್ಟು ಕಟ್ಟಿಸಿಕೊಂಡು ಬಂದಳು. ಬಂದವಳೇ ರಾಶಿಯಿಂದ ಕಾಳು ತೆಗೆದು ಕಚ್ಚಿ, "ಹದಿಮೂರು. ಕಣಜಕ್ಕೆ ತುಂಬ್ಸಿ" ಎಂದಳು.

"ದೊಡ್ಡಮ್ಮಾ, ಯಂತ್ರ ಹದಿನೇಳು ತೋರಿಸ್ತಿದೆ."

"ಹಾಗಾದ್ರೆ ನಿನ್ನ ಯಂತ್ರಕ್ಕೆ ನೆಗಡಿ ಆಗಿದೆ, ಹೋಗು."

ಹಮಾಲಿಗಳು ಬಿದ್ದು ಬಿದ್ದು ನಕ್ಕರು. ಹಾಳಾಗಿ ಹೋಗಲಿ ಎಂದು ತೇವದ ಲೆಕ್ಕದ ಪುಸ್ತಕದಲ್ಲಿ ನಾನೂ ಹದಿಮೂರು ಎಂದೇ ಬರೆದು ಸಹಿ ಹಾಕಿದೆ.

ಐದನೇ ದಿನ ಕಣಜದಿಂದ ಹುಳಿ ವಾಸನೆ ಬಂತು. ಕೈ ಹಾಕಿದರೆ ಕಾಳು ಬಿಸಿಬಿಸಿ. ಮ್ಯಾನೇಜರು ಪುಸ್ತಕ ತೆಗೆದು ನನ್ನ ಸಹಿ ನೋಡಿದರು.

"ಯಂತ್ರ ಇಟ್ಕೊಂಡು ಕತ್ತೆ ಕಾಯ್ತಿದ್ಯಾ? ನಾಳೆಯಿಂದ ಬರ್ಬೇಡ ನೀನು."

ಮನೆಯಲ್ಲಿ ಹೆಂಡತಿ ತುಂಬು ಬಸುರಿ.

ದೊಡ್ಡಮ್ಮ ಹಮಾಲಿಗಳನ್ನು ಸರಿಸಿಕೊಂಡು ಮುಂದೆ ಬಂದಳು. ಎಲ್ಲರೆದುರೇ ಹಲ್ಲಿನ ಸೆಟ್ಟು ತೆಗೆದು ಅಂಗೈಯಲ್ಲಿ ಹಿಡಿದಳು. ಕೆನ್ನೆ ಒಳಗೆ ಹೋಗಿ, ನೋಡನೋಡುತ್ತಲೇ ಮುದುಕಿಯಾಗಿಬಿಟ್ಟಳು.

"ಅವನು ಹದಿನೇಳು ಅಂತಾನೇ ಅಂದ, ಸಾರ್. ಹದಿಮೂರು ಅಂದೋಳು ನಾನು. ಕಟಕ್ ಅಂದಿದ್ದು ಕಾಳಲ್ಲ, ಈ ಹಲ್ಲಿಗೆ ಹಲ್ಲು ತಾಗಿದ್ದು. ನಂಗೀಗ ಕಚ್ಚಿದ್ರೆ ಏನೂ ಗೊತ್ತಾಗಲ್ಲ. ಹೇಳೋಕೆ ನಾಚಿಕೆ ಆಯ್ತು."

ಯಾರೂ ನಗಲಿಲ್ಲ. ಮ್ಯಾನೇಜರು ನನ್ನ ಮುಖ ನೋಡದೆ, "ಇಬ್ರೂ ಸೇರಿ ಕಣಜ ಖಾಲಿ ಮಾಡ್ಸಿ, ಮತ್ತೆ ಒಣಹಾಕಿ" ಎಂದು ಹೊರಟುಹೋದರು. ಗೆದ್ದೆನೆಂದು ನಾನು ಕುಣಿಯಬೇಕಿತ್ತು. ಆದರೆ ಅವಳ ಅಂಗೈ ಕಡೆ ನೋಡಲಾಗದೆ ಕಣಜದ ಬಾಗಿಲು ತೆರೆಯಲು ಹೋದೆ.

ಕಣದಲ್ಲಿ ಜೋಳ ಹರವುತ್ತಾ, "ನನ್ನಿಂದ ನಿಮಗೆ ಅವಮಾನ ಆಯ್ತು, ದೊಡ್ಡಮ್ಮ" ಎಂದೆ.

"ಅದಿರ್ಲಿ ಬಿಡಪ್ಪಾ. ನಂಗಂತೂ ಗೊತ್ತಾಗ್ಲಿಲ್ಲ. ನಿಂಗೆ ಗೊತ್ತಿತ್ತಲ್ಲ, ಮತ್ತ್ಯಾಕೆ ನನ್ನ ಮಾತು ಬರೆದೆ?"