ಆರಾಮ ಅಂದ ತಪ್ಪು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನಾನು ಕಲಿತದ್ದು ಎರಡನೇ ಇಯತ್ತೆ, ಅದೂ ಅರ್ಧ. ಬರೆದದ್ದರಲ್ಲಿ ತಪ್ಪಿದ್ದರೆ ಮೊಮ್ಮಗಳು ತಿದ್ದಿದ್ದಾಳೆ, ಮಾತು ಮಾತ್ರ ನನ್ನವೇ.

ಗಂಡನ ತಂಗಿ ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದವಳು. ಸಣ್ಣಂದಿನಿಂದ ಬಲಗಾಲು ಸೊಟ್ಟ. ಅದು ಊರಿಗೆಲ್ಲ ಕಾಣುತ್ತಿತ್ತು. ಕಾಣದ್ದು ತಲೆಯೊಳಗಿನದು. ಗೋಡೆಯ ಜೊತೆ ಮಾತಾಡುವಳು. ವಾರಗಟ್ಟಲೆ ಮೈ ತೊಳೆಯದೆ ಮೂಲೆ ಹಿಡಿಯುವಳು. ಕೆಲವು ದಿನ ಬಡಿದಿಟ್ಟ ರೊಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ. ಹಟ ಎಂದು ಬಯ್ಯುತ್ತಿದ್ದೆ. ಎರಡು ಸಲ ಹೊಡೆದೂ ಇದ್ದೇನೆ. ನನಗೂ ಅವಳಿಗೂ ಮೊದಲಿನಿಂದ ಅಷ್ಟಕ್ಕಷ್ಟೆ.

ಗಂಡ ಇದ್ದಾಗ ವಿಜಯಪುರಕ್ಕೆ ಕರೆದೊಯ್ದು ತಲೆಯ ಡಾಕ್ಟರಿಗೆ ತೋರಿಸಿ ಗುಳಿಗೆ ತರುತ್ತಿದ್ದ. ಊರವರ ಮುಂದೆ ಅದು ತಲೆನೋವಿನ ಗುಳಿಗೆ. ಅವನು ಸತ್ತ ಮೇಲೆ ಗುಳಿಗೆ ನಿಂತಿತು, ನನಗೆ ಒಂದೇ ಚಿಂತೆ ಹತ್ತಿತು: ನಾನು ಹೋದರೆ ಇವಳಿಗೆ ಅನ್ನ ಹಾಕುವವರು ಯಾರು? ಸೊಸೆ ಕೆಟ್ಟವಳಲ್ಲ. ಆದರೂ ತನ್ನ ಹೆಸರಲ್ಲಿ ತಿಂಗಳ ಪಗಾರ ಬರುವವಳ ಮುಂದೆ ತಾಟು ಇಡುವುದೇ ಬೇರೆ, ಬಿಟ್ಟಿ ಕೂತವಳ ಮುಂದೆ ಇಡುವುದೇ ಬೇರೆ. ಅಂಗವಿಕಲರಿಗೆ ಸರ್ಕಾರ ಕೊಡುವುದನ್ನು ನಾವು ಪಗಾರ ಎಂದೇ ಕರೆಯುವುದು. ಅದು ಸಿಗಬೇಕಾದರೆ ನೂರಕ್ಕೆ ನಲವತ್ತಾದರೂ ಊನ ಇದೆ ಎಂದು ಡಾಕ್ಟರು ಬರೆದುಕೊಡಬೇಕು.

ತಪಾಸಣೆಯ ಶಿಬಿರ ಬಂತು. ದೊಡ್ಡ ಮಂದಿಯ ಮುಂದೆ ಹೊಲಸಾಗಿ ಹೋಗಬಾರದೆಂದು ಹಿಂದಿನ ದಿನವೇ ಹಿಡಿದು ಕೂರಿಸಿ ಅವಳ ತಲೆ ತೊಳೆದೆ. ಎಣ್ಣೆ ಹಚ್ಚಿ ಹೆರಳು ಹಾಕಿ, ನನ್ನ ಇಳಕಲ್ ಸೀರೆ ಉಡಿಸಿದೆ. ಸಾಲಿನಲ್ಲಿ ನಮ್ಮೂರಿನ ಹೆಂಗಸೊಬ್ಬಳು ನಕ್ಕಳು.

"ಏನ್ ಯಕ್ಕಾ, ನಾದಿನಿನ್ನ ಬೀಗ್ರಿಗೆ ತೋರ್ಸಾಕ ತಂದೀಯೇನ?"

ಡಾಕ್ಟರು ಕಾಲು ಅಳೆದರು, ಮಡಚಿದರು, ನಡೆಸಿದರು. ಆಮೇಲೆ ಕೇಳಿದರು, "ಉಳಿದದ್ದೆಲ್ಲಾ ಆರಾಮ ಐತೇನವಾ?"

"ಆರಾಮ್ರೀ," ಎಂದಳು.

ನನ್ನ ಕಡೆ ನೋಡಿದರು. ಹಿಂದೆ ಊರ ಮಂದಿ ನಿಂತಿತ್ತು. ನಾನೂ ಅಂದೆ, "ಹೌದ್ರಿ, ಎಲ್ಲಾ ಆರಾಮ."

ಕಾಗದ ಬಂದಾಗ ಅದರಲ್ಲಿ ನೂರಕ್ಕೆ ಮೂವತ್ತು. ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವವನು ತಾನೂ ಊರುಗೋಲು ಹಿಡಿದು ನಡೆಯುವವ. ನಾದಿನಿಯ ತಲೆಯ ವಿಷಯ ಗಂಡ ಅವನೊಬ್ಬನಿಗೆ ಹೇಳಿದ್ದ. ಕಾಗದ ಓದಿ ಹಣೆ ಚಚ್ಚಿಕೊಂಡ.

"ಆಯಿ, ಇಲ್ಲಿ ಬರೀ ಕಾಲಿನ ಲೆಕ್ಕ ಐತಿ. ಮನಸ್ಸಿಂದು ಏನೂ ತೊಂದ್ರಿ ಇಲ್ಲಂತ ಬರದಾರ. ನೀ ಹೇಳಲಿಲ್ಲೇನ?"

"ಅವ್ರು ಕೇಳಲಿಲ್ಲಪಾ. ಆರಾಮ ಐತೇನಂದ್ರು, ಆರಾಮ ಅಂದೆವು."

"ಅದ ಕೇಳಿದ್ದು, ಆಯಿ! ತಪ್ಪ ಅವ್ರದೂ ಐತಿ, ನಿಂದೂ ಐತಿ. ತಲಿ ಡಾಕ್ಟರ್ದು ಹಳೀ ಚೀಟಿ ಅದಾವೇನ?"

ಇದ್ದವು. ಯಾರ ಕಣ್ಣಿಗೂ ಬೀಳಬಾರದೆಂದು ಜೋಳದ ಡಬ್ಬಿಯ ತಳದಲ್ಲಿ ಇಟ್ಟಿದ್ದೆ. ಜೋಳ ಸುರುವಿ ತೆಗೆದೆ. ಮತ್ತೆ ತಪಾಸಣೆ ಮಾಡಿರೆಂದು ಜಿಲ್ಲೆಗೆ ಅರ್ಜಿ ಹಾಕಬಹುದು ಎಂದ. ತಾನೇ ಬರೆಯುತ್ತೇನೆಂದ. ಬೇಡ, ಮನೆಯೊಳಗಿನದು ನಿನಗೇನು ಗೊತ್ತು ಎಂದು ನಾನೇ ಬರೆದೆ. ಎರಡು ದಿನ ಹಿಡಿಯಿತು. ಗೋಡೆಯ ಜೊತೆ ಮಾತು, ತೊಳೆಯದ ಮೈ, ಬಾಗಿಲು ತೆರೆದಿಟ್ಟು ಹೊಲದ ಕಡೆ ಹೋಗಿ ಕೂತದ್ದು, ಎಲ್ಲ ಬರೆದೆ. ಓದಿ ಅವನು, "ಆಯಿ, ತಪ್ಪ ಭಾಳ ಅದಾವಲ್ಲ," ಎಂದ.

"ಅಕ್ಷರ ತಪ್ಪದಾವು, ಮಾತ ತಪ್ಪಿಲ್ಲ. ಹಾಕ."

ಕರೆ ಬಂದಾಗ ಈ ಸಲ ತಲೆ ತೊಳೆಯಲಿಲ್ಲ. ಉಟ್ಟ ಸೀರೆಯಲ್ಲೇ ವಿಜಯಪುರದ ಬಸ್ಸು ಹತ್ತಿಸಿದೆ. ನನ್ನ ಜೀವಕ್ಕೆ ಅದೇ ದೊಡ್ಡ ಕಷ್ಟ. ಬಾಗೇವಾಡಿ ದಾಟುವವರೆಗೂ ಪಕ್ಕದವರು ಮೂಗಿಗೆ ಸೆರಗು ಹಿಡಿದಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಜಿಲ್ಲಾ ಆಸ್ಪತ್ರೆಯಲ್ಲಿ ಮೇಜಿನ ಆ ಕಡೆ ಮೂವರು. ನಡುವಿನ ಹೆಂಗಸು ಮನಸ್ಸಿನ ಡಾಕ್ಟರು. ಚೀಟಿ ನೋಡಿದರು, ನನ್ನ ಅರ್ಜಿ ನೋಡಿದರು. ನಾದಿನಿಯ ಕಡೆ ತಿರುಗಿ ಮೆಲ್ಲಗೆ, "ಆರಾಮ ಅದೀರೇನ್ರಿ?" ಎಂದರು.

"ಆರಾಮ ಅದೀನ್ರಿ."

ನನಗೆ ತಡೆಯಲಾಗಲಿಲ್ಲ. "ಅಕಿ ಮಾತು ಬರ್ಕೋಬ್ಯಾಡ್ರಿ ಬಾಯಾರ! ನಮ್ಮ ಕಡೆ ಹೆಣ ಹೊತ್ಕೊಂಡು ಹೊಂಟಾಂವನ್ನ ಆರಾಮ ಅದಿ ಏನಂತ ಕೇಳ್ರಿ, ಆರಾಮ ಅಂತಾನ. ಅದು ಉತ್ತರ ಅಲ್ರಿ, ನಮಸ್ಕಾರ ಇದ್ದಂಗ."

ಉಳಿದ ಇಬ್ಬರು ನಕ್ಕರು. ಆಕೆ ನಗಲಿಲ್ಲ. ಕುರ್ಚಿಯನ್ನು ಮುಂದೆ ಎಳೆದುಕೊಂಡು ಮತ್ತೆ ಕೇಳಿದರು, "ಇವತ್ತ ಮುಂಜಾನಿ ಏನ್ ಉಂಡ್ರಿ?"

"ಉಂಡಿಲ್ಲ."

"ಯಾಕ್ರೀ?"

ನಾದಿನಿ ನನ್ನ ಕಡೆ ಬೆರಳು ಮಾಡಿದಳು. "ವೈನಿ ರೊಟ್ಯಾಗ ಇಸ ಹಾಕ್ತಾಳ್ರಿ. ಗ್ವಾಡಿ ಹೇಳ್ತೈತಿ. ಹೇಳಿದ ದಿನ ನಾ ಉಣ್ಣಾಂಗಿಲ್ಲ."

ಆ ಕೋಣೆಯಲ್ಲಿ ಎಲ್ಲರೂ ನನ್ನ ಕೈ ನೋಡಿದರು. ನಾನೂ ನೋಡಿಕೊಂಡೆ. ಮೂವತ್ತು ವರ್ಷ ಅವಳಿಗೆ ರೊಟ್ಟಿ ಬಡಿದ ಕೈ. ಎರಡು ಸಲ ಹೊಡೆದದ್ದೂ ಅದೇ ಕೈ. ಉಣ್ಣದೆ ಇದ್ದದ್ದು ಹಟಕ್ಕಲ್ಲ, ಅಂಜಿಕೆಗೆ ಎಂದು ಅಂದು ಗೊತ್ತಾಯಿತು. ಹಸಿದು ಕೂತು, ನನ್ನನ್ನೇ ನೋಡುತ್ತ, ಇವಳು ನನ್ನನ್ನು ಕೊಲ್ಲುತ್ತಾಳೆ ಎಂದುಕೊಂಡು ದಿನ ಕಳೆದಿದ್ದಳು. ನಾನು ಅವಳಿಗೆ ಬಯ್ದದ್ದೂ ಉಣ್ಣು, ಉಣ್ಣು ಎಂದೇ.

ಡಾಕ್ಟರು ಬಹಳ ಹೊತ್ತು ಬರೆದರು. "ಇದನ್ನ ಮೊದಲ ಯಾರಿಗೂ ಹೇಳಿರಲಿಲ್ಲೇನ್ರಿ?" ಎಂದು ಕೇಳಿದರು. "ಯಾರೂ ಕೇಳಿಲ್ರಿ," ಎಂದಳು ನಾದಿನಿ. ಗುಳಿಗೆ ಹೊಸದಾಗಿ ಬರೆದುಕೊಟ್ಟರು. ಮೂರು ತಿಂಗಳ ಮೇಲೆ ಕಾಲಿನದೂ ತಲೆಯದೂ ಕೂಡಿಸಿ ಬರೆದ ಕಾಗದ ಬಂತು. ನಲವತ್ತು ದಾಟಿತ್ತು. ಪಗಾರ ಈಗ ಅವಳ ಹೆಸರಿಗೇ ಬರುತ್ತದೆ. ಆದರೆ ಅಂದು ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಪಗಾರದ ನೆನಪಿರಲಿಲ್ಲ. ಅವಳು ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ವಿಷ ಹಾಕುವವಳ ಭುಜಕ್ಕೆ.

ಮರುದಿನ ಮುಂಜಾನೆ ಅವಳನ್ನು ಎಬ್ಬಿಸಿ ಒಲೆಯ ಮುಂದೆ ಮಣೆ ಹಾಕಿ ಕೂರಿಸಿದೆ. ಹಿಟ್ಟು ಅವಳ ಕೈಯಿಂದಲೇ ತೆಗೆಸಿದೆ, ನೀರೂ ಅವಳೇ ಹಾಕಿದಳು. ಅವಳ ಕಣ್ಣ ಮುಂದೆ ಬಡಿದು, ಸುಟ್ಟು, ಮೊದಲ ತುಂಡು ಮುರಿದು ನನ್ನ ಬಾಯಿಗೆ ಹಾಕಿಕೊಂಡೆ. ನುಂಗಿ ಬಾಯಿ ತೆರೆದು ತೋರಿಸಿದೆ. ಅವಳು ತುಸು ಹೊತ್ತು ನೋಡಿದಳು, ನಾನು ಸಾಯಲಿಲ್ಲ. ಅರ್ಧ ರೊಟ್ಟಿ ತಿಂದಳು, ಉಳಿದರ್ಧವನ್ನು ಸೆರಗಿನಲ್ಲಿ ಬಚ್ಚಿಟ್ಟಳು. ಕಂಡೆ, ಎರಡನೇ ರೊಟ್ಟಿಗೆ ಹಿಟ್ಟು ನಾದಿದೆ.