ಭಟ್ಟರ ಮನೆಗೆ ಬರುವ ಪತ್ರಿಕೆ

ಪತ್ರಿಕೆಯವನು ಪತ್ರಿಕೆಗಾಗಿ ಊರೆಲ್ಲ ಅಲೆಯುವುದು, ಹೋಟೆಲಿನವನು ಊಟಕ್ಕೆ ಪಕ್ಕದ ಮನೆಯ ಬಾಗಿಲು ತಟ್ಟಿದಂತೆ. ನಾನು ತಟ್ಟಿದ್ದೇನೆ.

ಕೊಚ್ಚಿಯಲ್ಲಿದ್ದಾಗ ತೊಂದರೆಯಿರಲಿಲ್ಲ. ಎರ್ನಾಕುಲಂ ಸ್ಟೇಷನ್ನಿನ ಹತ್ತಿರ ಉಡುಪಿಯವರ ಹೋಟೆಲಿತ್ತು. ರೈಲಿಳಿದ ಪರಿಚಯದವರು ಓದಿ ಮುಗಿಸಿದ ಕನ್ನಡ ಪತ್ರಿಕೆಯನ್ನು ಗಲ್ಲಾದ ಮೇಲೆ ಬಿಟ್ಟುಹೋಗುವರು. ಬ್ಯಾಂಕಿನ ಕನ್ನಡಿಗರು ಹಾಳೆಗಳನ್ನು ಹಂಚಿಕೊಂಡು ಕಾಫಿ ಆರುವವರೆಗೆ ಓದುವರು. ಹೊಸದಾಗಿ ಹುಟ್ಟಿದ ರಾಜ್ಯದ ರಾಜಧಾನಿಯಿಂದ ಸುದ್ದಿ ಕಳಿಸಲೆಂದು ನಮ್ಮ ಪತ್ರಿಕೆಯವರು ನನ್ನನ್ನು ತಿರುವನಂತಪುರಕ್ಕೆ ಹಾಕಿದ ಮೇಲೆ ಕಷ್ಟ ಶುರುವಾಯಿತು. ಇಲ್ಲಿ ಚಾಯ ಅಂಗಡಿಗೊಂದು ಪತ್ರಿಕೆ, ಪತ್ರಿಕೆಗೊಂದು ಪಕ್ಷ. ಕನ್ನಡದ್ದು ಕೇಳಿದರೆ ಅಂಗಡಿಯವರು ತಮಿಳು ಪತ್ರಿಕೆ ತೆಗೆದುಕೊಟ್ಟು, ಇಷ್ಟು ಹತ್ತಿರದ್ದು ಸಾಲದೇ ಎಂಬಂತೆ ನೋಡುತ್ತಿದ್ದರು.

ಕೊನೆಗೆ ಪತ್ತೆಯಾದದ್ದು ಸೆಕ್ರೆಟರಿಯೇಟಿನಲ್ಲಿ ಗುಮಾಸ್ತರಾಗಿದ್ದ ಕಾಸರಗೋಡಿನ ಭಟ್ಟರ ಮನೆ. ಅವರ ತಾಯಿಗೆ ಮಲಯಾಳ ಓದಲು ಬಾರದು. ಮೊಮ್ಮಕ್ಕಳು ಅಜ್ಜಿಯ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುವವರು. ಅಮ್ಮನಿಗಾಗಿ ಮಂಗಳೂರಿನಿಂದ ಅಂಚೆಯಲ್ಲಿ ನಮ್ಮದೇ ಪತ್ರಿಕೆ ಬರುತ್ತಿತ್ತು. ಸುತ್ತಿದ ಕಾಗದದ ಪಟ್ಟಿಯನ್ನು ತಾವೇ ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ತೀಡಿ, ಅಡುಗೆಮನೆಯ ಸೊಸೆಗೆ ಕೇಳುವಂತೆ ಗಟ್ಟಿಯಾಗಿ ಓದುವುದರಲ್ಲಿ ಅವರ ಮಧ್ಯಾಹ್ನ ಕಳೆಯುತ್ತಿತ್ತು.

ಇಷ್ಟು ದೂರ ಬಂದೂ ಕನ್ನಡ ಬಿಡದವರು ಎಂದು ಪತ್ರಿಕೆ ನೋಡಲು ದಿನವೂ ಹೋಗುತ್ತಿದ್ದ ನನ್ನನ್ನು ಭಟ್ಟರು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ವರದಿಗಾರನಾಗುವ ಮೊದಲು ಪತ್ರಿಕೆಯ ಡೆಸ್ಕಿನಲ್ಲಿ ಅಚ್ಚಿನ ತಪ್ಪು ತಿದ್ದುತ್ತಿದ್ದ ನಾನು ಇದೊಂದನ್ನು ತಿದ್ದಲಿಲ್ಲ. ನಾನು ಹುಡುಕುತ್ತಿದ್ದದ್ದು ಕನ್ನಡವನ್ನಲ್ಲ. ನನ್ನ ವರದಿ ಬಂದಿದೆಯೇ, ಬಂದಿದ್ದರೆ ಎಷ್ಟು ಕತ್ತರಿಸಿದ್ದಾರೆ ಎಂಬುದನ್ನು.

ಒಂದು ದಿನ ಅಂಚೆಯವನು ಗೇಟಿನಲ್ಲೇ ಸಿಕ್ಕಿದ. ತಡೆಯಲಾರದೆ ಪಟ್ಟಿ ಹರಿದು, ನಿಂತಲ್ಲೇ ಪುಟ ತಿರುವಿದೆ. ನನ್ನ ವರದಿ ಇರಲಿಲ್ಲ. ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಕಾದಿದ್ದ ಅಮ್ಮ ಕೇಳಿದರು: "ಎಂತ ಉಂಟು ಇವತ್ತು?"

"ಏನೂ ಇಲ್ಲ ಅಮ್ಮ."

ಅವರು ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು.

ಒಳಗಿನಿಂದ ಸೊಸೆ, "ಅತ್ತೆ, ಇವತ್ತು ಓದುದಿಲ್ವಾ?" ಎಂದರು.

"ಎಂತದೂ ಇಲ್ಲಂತೆ. ಪೇಪರಿನವರೇ ಹೇಳಿದ ಮೇಲೆ ಮತ್ತೆ ಎಂತ ಓದುದು?"

"ಮದುವೆ, ಸತ್ತವರ ಬೊಜ್ಜ, ಅದೂ ಇಲ್ವಾ?"

ಸೊಸೆ ಬಾಗಿಲಿಗೆ ಬಂದು ನನ್ನ ಮುಖವನ್ನೂ ಹರಿದ ಪಟ್ಟಿಯನ್ನೂ ನೋಡಿದರು. ನಾನು ಪತ್ರಿಕೆಯನ್ನು ಮೊದಲಿದ್ದಂತೆ ಮಡಿಸಲು ನೋಡಿದೆ. ಒಮ್ಮೆ ಬಿಡಿಸಿದ ಪತ್ರಿಕೆ ಹಾಗೆಲ್ಲ ಮಡಿಕೆಗೆ ಬರುವುದಿಲ್ಲ. "ಇದೆ ಅಮ್ಮ, ತುಂಬ ಇದೆ" ಎಂದು ಕೈಗಿತ್ತೆ. ಅವರು ಓದಿದರು. ದೋಣಿ ಓಡಾಟ ನಿಂತ ಹೊಳೆಯ ಕಡವು, ಯಕ್ಷಗಾನ ಮೇಳದ ತಿರುಗಾಟ, ಕಾಣೆಯಾದ ಎಮ್ಮೆ. ಪ್ರತಿ ಊರಿನಲ್ಲೂ ಅವರಿಗೊಬ್ಬರು ನೆಂಟರು. ಡೆಸ್ಕಿನಲ್ಲಿ ಕೂತಾಗ ಜಾಗ ಸಾಲದಿದ್ದರೆ ನಾನು ಮೊದಲು ಕಿತ್ತುಹಾಕುತ್ತಿದ್ದ ಸಾಲುಗಳೇ ಅವು.

ಮುಂದಿನ ವಾರ ನನ್ನ ವರದಿ ಬಂತು. ನಾಚಿಕೆ ಇನ್ನೂ ಪೂರ್ತಿ ಕೆಲಸ ಮಾಡಿರಲಿಲ್ಲವೆಂದು ಕಾಣುತ್ತದೆ, ಬೆರಳಿಟ್ಟು ತೋರಿಸಿದೆ. ಅಮ್ಮ ಎರಡು ಸಾಲು ಓದಿದರು.

"ಇದು ಇಲ್ಲಿಯದ್ದೇ ಅಲ್ವಾ? ಮೊನ್ನೆಯೇ ಹಾಲಿನವಳು ಹೇಳಿದ್ದಾಳೆ."

ಪುಟ ಮಗುಚಿ, ಆ ಎಮ್ಮೆ ಸಿಕ್ಕಿತೇ ಎಂದು ಹುಡುಕತೊಡಗಿದರು. ತಲೆ ಹೇಗೂ ತಗ್ಗಿತ್ತು. ನಾನೂ ಜೊತೆಗೆ ಹುಡುಕಿದೆ.